ನಿರಂತರ ಒತ್ತಡದಿಂದ ಅಡ್ರಿನಲ್ ಗ್ರಂಥಿಗಳು ಬತ್ತಿಹೋಗುತ್ತವೆಯೇ? ಮೂರು ವರ್ಷಗಳ ದಣಿವಿನ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಬೆಟಗೇರಿ ಓದುಗಿ, ಗದಗ

ಎಲ್ಲರಿಗೂ ನಮಸ್ಕಾರ. ನನಗೆ ಈಗ 43 ವರ್ಷ. ಮನೆ ಬೆಟಗೇರಿಯಲ್ಲಿ, ಕೆಲಸ ಹುಬ್ಬಳ್ಳಿಯ ಒಂದು ಖಾಸಗಿ ಕಚೇರಿಯಲ್ಲಿ. ವಾರಕ್ಕೆ ಆರು ದಿನ ರೈಲಿನಲ್ಲಿ ಹೋಗಿಬರುತ್ತೇನೆ. ಮೂರು ವರ್ಷಗಳ ಹಿಂದೆ ನಮ್ಮ ಮಾವನವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಅಂದಿನಿಂದ ಅವರು ಹಾಸಿಗೆಯಲ್ಲೇ ಇದ್ದಾರೆ. ಬೆನ್ನಿಗೆ ಹುಣ್ಣಾಗಬಾರದೆಂದು ರಾತ್ರಿ ಎರಡೆರಡು ತಾಸಿಗೊಮ್ಮೆ ಅವರ ಮಗ್ಗುಲು ಬದಲಿಸಬೇಕು. ಯಜಮಾನರು ಲಾರಿಯ ಮೇಲೆ ಹೆಚ್ಚಾಗಿ ಹೊರ ಊರುಗಳಲ್ಲಿರುತ್ತಾರೆ, ಅತ್ತೆಯವರಿಗೆ ಮೊಣಕಾಲು ನೋವು. ಆದ್ದರಿಂದ ಈ ಕೆಲಸ ನನ್ನ ಪಾಲಿನದು. ಅದನ್ನು ಹೊರೆಯೆಂದು ನಾನು ಹೇಳುತ್ತಿಲ್ಲ. ಮದುವೆಯಾಗಿ ಬಂದ ದಿನದಿಂದ ಅವರು ನನ್ನನ್ನು ಮಗಳಂತೆ ನೋಡಿಕೊಂಡವರು.

ಆದರೆ ಕಳೆದ ಒಂದು ವರ್ಷದಿಂದ ನನ್ನ ಮೈಯಲ್ಲಿ ಶಕ್ತಿಯೇ ಉಳಿದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದಾಗಲೇ ದಿನದ ಕೆಲಸವೆಲ್ಲ ಮುಗಿಸಿದವಳಂತೆ ಕೈಕಾಲು ಸೋತಿರುತ್ತವೆ. ರೈಲು ಅಣ್ಣಿಗೇರಿ ದಾಟುವಷ್ಟರಲ್ಲಿ ಕಣ್ಣು ಮುಚ್ಚಿಕೊಳ್ಳುತ್ತವೆ, ಆದರೆ ರಾತ್ರಿ ಹಾಸಿಗೆಗೆ ಬಿದ್ದಾಗ ಎದೆ ಡವಡವ ಎನ್ನುತ್ತಾ ನಿದ್ದೆ ಹತ್ತುವುದಿಲ್ಲ. ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದವಳು ಈಗ ನಡುವೆ ಕಂಬಿ ಹಿಡಿದು ನಿಲ್ಲುತ್ತೇನೆ. ದಿನಕ್ಕೆ ಐದಾರು ಕಪ್ ಚಹಾ ಇಲ್ಲದೆ ಕೆಲಸ ಸಾಗುವುದಿಲ್ಲ.

ಸಂಬಂಧಿಕರೊಬ್ಬರು ಒಂದು ವೀಡಿಯೊ ಕಳಿಸಿದರು. ಬಹಳ ಕಾಲ ಒತ್ತಡದಲ್ಲಿದ್ದವರ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಸುರಿಸಿ ಸುರಿಸಿ ಕೊನೆಗೆ ಬೇಸಿಗೆಯ ಬಾವಿಯಂತೆ ಬತ್ತಿಹೋಗುತ್ತವೆ, ಇದಕ್ಕೆ ‘ಅಡ್ರಿನಲ್ ಫಟೀಗ್’, ಅಂದರೆ ಅಡ್ರಿನಲ್ ದಣಿವು, ಎನ್ನುತ್ತಾರೆ ಎಂದು ಅದರಲ್ಲಿ ಹೇಳಿದ್ದಾರೆ. ನನ್ನ ಪ್ರತಿಯೊಂದು ಲಕ್ಷಣವೂ ಅದರಲ್ಲಿತ್ತು. ದಿನಕ್ಕೆ ನಾಲ್ಕು ಸಲ ಜೊಲ್ಲು ಸಂಗ್ರಹಿಸಿ ಕಳಿಸುವ ಪರೀಕ್ಷೆ ಮತ್ತು ಮೂರು ತಿಂಗಳು ಕುಡಿಯುವ ಪುಡಿ, ಎರಡೂ ಸೇರಿ ನನ್ನ ಅರ್ಧ ತಿಂಗಳ ಪಗಾರ ಆಗುತ್ತದೆ. ಪುಡಿಯ ಒಂದು ಡಬ್ಬಿಯನ್ನು ಅವರೇ ತಂದುಕೊಟ್ಟಿದ್ದಾರೆ, ಇನ್ನೂ ಒಡೆದಿಲ್ಲ. ನನ್ನ ಗ್ರಂಥಿಗಳು ನಿಜವಾಗಿಯೂ ಬತ್ತಿಹೋಗಿರಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನಿವೃತ್ತ ಅಧ್ಯಾಪಕ, ಧಾರವಾಡ

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಅನೇಕ ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿದವನು, ರೋಗಿಗಳನ್ನು ನೋಡುವ ವೈದ್ಯನಲ್ಲ. ಆದ್ದರಿಂದ ಗ್ರಂಥಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಖಚಿತವಾಗಿ ಹೇಳಬಲ್ಲೆ, ನಿಮಗೆ ಏನಾಗಿದೆ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ಮೊದಲಿಗೆ ಒಂದು ಮಾತು: ನಿಮ್ಮ ದಣಿವು ನಿಜವಾದದ್ದು. ಮುಂದೆ ನಾನು ಬರೆಯುವುದೆಲ್ಲ ಆ ವೀಡಿಯೊ ಕೊಟ್ಟ ಕಾರಣವನ್ನು ಕುರಿತದ್ದೇ ಹೊರತು ನಿಮ್ಮ ದಣಿವನ್ನು ಅನುಮಾನಿಸಿ ಅಲ್ಲ.

ಅಡ್ರಿನಲ್ ಗ್ರಂಥಿಗಳು ಎರಡು. ಒಂದೊಂದು ಕಿಡ್ನಿಯ ತಲೆಯ ಮೇಲೆ ಒಂದೊಂದು ಕುಳಿತಿರುತ್ತದೆ. ಪ್ರತಿಯೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಒಳಗಿನ ತಿರುಳು ಅಡ್ರಿನಲಿನ್ ತಯಾರಿಸುತ್ತದೆ. ಬೀದಿಯಲ್ಲಿ ನಾಯಿ ಮೈಮೇಲೆ ಬಂದಾಗ ಕ್ಷಣಾರ್ಧದಲ್ಲಿ ಎದೆ ಬಡಿತ ಏರುವಲ್ಲಿ ಅದರ ಪಾಲು ದೊಡ್ಡದು. ಹೊರಗಿನ ಸಿಪ್ಪೆಯಂಥ ಭಾಗದಲ್ಲಿ ಮೂರು ಪದರಗಳಿದ್ದು, ಒಂದು ದೇಹದ ಉಪ್ಪು ಮತ್ತು ನೀರನ್ನು ಹಿಡಿದಿಡುವ ಆಲ್ಡೋಸ್ಟಿರೋನನ್ನು, ನಡುವಿನದು ಕಾರ್ಟಿಸಾಲನ್ನು, ಒಳಬದಿಯದು ಲೈಂಗಿಕ ಹಾರ್ಮೋನುಗಳಿಗೆ ಸಂಬಂಧಿಸಿದ ಕೆಲವನ್ನು ತಯಾರಿಸುತ್ತವೆ.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಈ ಗ್ರಂಥಿ ಕಾರ್ಟಿಸಾಲನ್ನು ಕೂಡಿಟ್ಟುಕೊಂಡಿರುವುದೇ ಇಲ್ಲ. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಪಿಟ್ಯುಟರಿಯು ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಅದು ಬಂದು ತಟ್ಟಿದಾಗ ಅಡ್ರಿನಲ್ ಗ್ರಂಥಿ ಕೊಲೆಸ್ಟೆರಾಲಿನಿಂದ ಆಗಿಂದಾಗ ಕಾರ್ಟಿಸಾಲನ್ನು ತಯಾರಿಸಿ ಕೊಡುತ್ತದೆ. ರಕ್ತದಲ್ಲಿ ಸಾಕಷ್ಟು ಆದಾಗ ಅದೇ ಕಾರ್ಟಿಸಾಲ್ ಮಿದುಳಿಗೆ ‘ಇನ್ನು ಸಾಕು’ ಎಂದು ಸೂಚಿಸುತ್ತದೆ. ಖಾಲಿಯಾಗಲು ಅಲ್ಲಿ ತುಂಬಿಟ್ಟ ಕೊಡವೇ ಇಲ್ಲ. ಇನ್ನೊಂದು ಮಾತು, ಎಸಿಟಿಎಚ್ ಹೆಚ್ಚು ಕಾಲ ತಟ್ಟಿದಷ್ಟೂ ಗ್ರಂಥಿ ದಪ್ಪವಾಗುತ್ತದೆ, ಸೊರಗುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಸಂಶೋಧಕ ಹ್ಯಾನ್ಸ್ ಸೆಲ್ಯೆ ಇಲಿಗಳನ್ನು ಚಳಿ, ಗಾಯ, ಅತಿಯಾದ ಶ್ರಮಗಳಿಗೆ ಒಡ್ಡಿ 1936ರಲ್ಲಿ ಪ್ರಕಟಿಸಿದ ಪ್ರಸಿದ್ಧ ಬರಹದಲ್ಲಿ ವರ್ಣಿಸಿದ್ದು ಹಿಗ್ಗಿದ ಅಡ್ರಿನಲ್ ಗ್ರಂಥಿಗಳನ್ನೇ. ಅವರು ಒತ್ತಡದ ಮೂರನೆಯ ಹಂತಕ್ಕೆ ಬಳಲಿಕೆಯ ಹಂತ ಎಂದು ಹೆಸರಿಟ್ಟರು. ಗ್ರಂಥಿಯೇ ಬಳಲುತ್ತದೆ ಎಂಬ ಜನಪ್ರಿಯ ಕಲ್ಪನೆಗೆ ಈ ಹೆಸರೂ ಆಸರೆಯಾಗಿದೆ ಎಂದು ನನ್ನ ಭಾವನೆ.

‘ಅಡ್ರಿನಲ್ ಫಟೀಗ್’ ಎಂಬ ಪದವನ್ನು 1998ರಲ್ಲಿ ಬಳಕೆಗೆ ತಂದವರು ಅಮೆರಿಕದ ಕೈರೋಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) ಜೇಮ್ಸ್ ವಿಲ್ಸನ್. ಹಾರ್ಮೋನು ತಜ್ಞರ ಸಂಘಗಳು ಇದನ್ನು ರೋಗವೆಂದು ಒಪ್ಪಿಲ್ಲ. 2016ರಲ್ಲಿ ಬ್ರೆಜಿಲಿನ ಇಬ್ಬರು ಸಂಶೋಧಕರು 58 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಬಳಲಿದವರ ಕಾರ್ಟಿಸಾಲ್ ಒಂದು ಅಧ್ಯಯನದಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು, ಮತ್ತೊಂದರಲ್ಲಿ ಎಲ್ಲರಂತೆಯೇ ಇತ್ತು. ಇಂಥ ಸ್ಥಿತಿಗೆ ಆಧಾರವಿಲ್ಲ ಎಂದು ಅವರು ತೀರ್ಮಾನಿಸಿದರು. ಜೊಲ್ಲಿನ ಆ ನಾಲ್ಕು ಮಾದರಿಗಳಿಂದ ‘ಬತ್ತಿದೆ’ ಎಂದು ಹೇಳಲು ಬರುವುದಿಲ್ಲ.

ಹಾಗಾದರೆ ದೀರ್ಘಕಾಲದ ಒತ್ತಡ ಏನನ್ನೂ ಮಾಡುವುದಿಲ್ಲವೇ? ಖಂಡಿತ ಮಾಡುತ್ತದೆ. ಅದು ಕೆಡಿಸುವುದು ಗ್ರಂಥಿಯನ್ನಲ್ಲ, ಇಡೀ ವ್ಯವಸ್ಥೆಯ ಲಯವನ್ನು. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ನಸುಕಿನಲ್ಲಿ ಏರಲಾರಂಭಿಸಿ, ಎಚ್ಚರವಾದ ಅರ್ಧ ಮುಕ್ಕಾಲು ತಾಸಿನಲ್ಲಿ ಇನ್ನಷ್ಟು ಮೇಲಕ್ಕೆ ಹೋಗಿ, ದಿನವಿಡೀ ಇಳಿಯುತ್ತಾ ಮಧ್ಯರಾತ್ರಿಯ ಹೊತ್ತಿಗೆ ಅತ್ಯಂತ ಕೆಳಗೆ ಬರುತ್ತದೆ. ಚಿಂತೆ ಮತ್ತು ನಿದ್ದೆಗೇಡು ಸೇರಿದಾಗ ಈ ಏರಿಳಿತದ ಗೆರೆ ಚಪ್ಪಟೆಯಾಗಬಹುದು. ಇಳಿಯಬೇಕಾದ ಹೊತ್ತಿನಲ್ಲಿ ಇಳಿಯದೆ, ಬೆಳಿಗ್ಗೆ ಏರಬೇಕಾದಷ್ಟು ಏರದೆ ಉಳಿಯಬಹುದು. ಕಾರ್ಟಿಸಾಲ್ ಬಹುಕಾಲ ಹೆಚ್ಚಿದ್ದರೆ ರಕ್ತದ ಸಕ್ಕರೆ ಏರುತ್ತದೆ, ಸ್ನಾಯುವಿನ ಪ್ರೋಟೀನು ಕರಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಅಮೆರಿಕದ ನರವಿಜ್ಞಾನಿ ಬ್ರೂಸ್ ಮ್ಯಾಕ್ಯೂನ್ ಮತ್ತು ಅವರ ಸಹೋದ್ಯೋಗಿ 1993ರಲ್ಲಿ ಈ ಸವಕಳಿಗೆ ಅಲೋಸ್ಟಾಟಿಕ್ ಹೊರೆ ಎಂದು ಹೆಸರಿಟ್ಟರು. ಹೊಂದಿಕೊಳ್ಳಲೆಂದೇ ಇರುವ ವ್ಯವಸ್ಥೆಯನ್ನು ಬಿಡುವಿಲ್ಲದೆ ದುಡಿಸಿದಾಗ ಇಡೀ ದೇಹ ತೆರುವ ಬೆಲೆ ಅದು.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು ಸಹಜವೆಂಬಂತೆ ಬರೆದು ಮುಂದೆ ಹೋದ ಒಂದು ವಾಕ್ಯದಲ್ಲಿ ನನ್ನ ಕಣ್ಣು ನಿಂತಿತು: ರಾತ್ರಿ ಎರಡೆರಡು ತಾಸಿಗೊಮ್ಮೆ ಏಳುವುದು. ಅಂದರೆ ಮೂರು ವರ್ಷಗಳಿಂದ ನೀವು ಎರಡು ತಾಸಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಮಲಗಿಲ್ಲ. ಇದೊಂದೇ ಸಾಕು, ಯಾರ ಮೈಯನ್ನಾದರೂ ನೀವು ವರ್ಣಿಸಿದ ಸ್ಥಿತಿಗೆ ತರಲು. ಅದರ ಮೇಲೆ ಸಂಜೆಯ ಚಹಾ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ತಾಸಿನ ನಂತರವೂ ರಕ್ತದಲ್ಲಿರುತ್ತದೆ. ಮಾವನವರಿಗೆ ಗಾಳಿ ತುಂಬಿದ, ಒತ್ತಡ ಬದಲಾಗುತ್ತಿರುವ ಹಾಸಿಗೆಯನ್ನು ಹಾಕಿಸಿದರೆ ಮಗ್ಗುಲು ಬದಲಿಸುವ ಅಂತರವನ್ನು ಸ್ವಲ್ಪ ಹೆಚ್ಚಿಸಬಹುದೇ ಎಂದು ಅವರ ವೈದ್ಯರನ್ನು ಕೇಳಿ. ಮಗ್ಗುಲು ಬದಲಿಸುವುದನ್ನು ಪೂರ್ತಿ ಬಿಡಲಾಗದು, ಅಂತರ ಮಾತ್ರ ಬದಲಾಗಬಹುದು. ವಾರಕ್ಕೆ ಎರಡು ರಾತ್ರಿಯಾದರೂ ಮನೆಯ ಇನ್ನೊಬ್ಬರು ಆ ಕೆಲಸ ಹೊರಬೇಕು. ನೀವು ಸಂಕೋಚಪಟ್ಟು ಕೇಳಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ. ಇದನ್ನು ಕೇಳುವುದರಲ್ಲಿ ಮಾವನವರ ಮೇಲಿನ ಪ್ರೀತಿ ಕಡಿಮೆಯಾಗುವಂಥದ್ದು ಏನೂ ಇಲ್ಲ.

ಜೊಲ್ಲಿನ ಪರೀಕ್ಷೆಯ ಹಣದ ಒಂದು ಸಣ್ಣ ಪಾಲಿನಲ್ಲಿ ಹಿಮೋಗ್ಲೋಬಿನ್, ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ವಿಟಮಿನ್ ಬಿ12, ಸೋಡಿಯಂ ಮತ್ತು ಪೊಟ್ಯಾಸಿಯಂ ಪರೀಕ್ಷೆಗಳು ಆಗುತ್ತವೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೀರಿ ಎಂದದ್ದು ನನಗೆ ರಕ್ತಹೀನತೆಯನ್ನು ನೆನಪಿಸುತ್ತದೆ. ಮನಸ್ಸು ಕುಗ್ಗಿದೆ, ಯಾವುದರಲ್ಲಿಯೂ ಆಸಕ್ತಿ ಉಳಿದಿಲ್ಲ ಎನ್ನಿಸಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಖಿನ್ನತೆಯೂ ಮೈದಣಿವಿನ ರೂಪದಲ್ಲಿಯೇ ಬರುತ್ತದೆ. ನಮ್ಮ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ. ಟೆಲಿ ಮಾನಸ್‌ನ 14416 ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಉತ್ತರ 2: ಅಡತಿ ಅಂಗಡಿಯ ಲೆಕ್ಕಿಗ, ಬ್ಯಾಡಗಿ

ಅಧ್ಯಾಪಕರ ಮಾತನ್ನು ಒಪ್ಪುತ್ತಲೇ, ಅದರ ಇನ್ನೊಂದು ಮಗ್ಗುಲನ್ನು ನನ್ನ ಅನುಭವದಿಂದ ಹೇಳಬೇಕಾಗಿದೆ. ಒತ್ತಡದಿಂದ ಗ್ರಂಥಿ ಬತ್ತುವುದಿಲ್ಲ ಎಂಬುದು ನಿಜ. ಆದರೆ ರೋಗದಿಂದ ಹಾಳಾಗುತ್ತದೆ, ಮತ್ತು ನನ್ನ ಗ್ರಂಥಿಗಳು ಹಾಳಾಗಿವೆ.

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಹಂಗಾಮಿನಲ್ಲಿ ನಮಗೆ ಹಗಲು ರಾತ್ರಿಯ ವ್ಯತ್ಯಾಸವಿರುವುದಿಲ್ಲ. ಆರು ವರ್ಷಗಳ ಹಿಂದಿನ ಅಂಥ ಹಂಗಾಮಿನಲ್ಲಿ ನನಗೆ ಸುಸ್ತು ಶುರುವಾಯಿತು. ಊಟ ಸೇರದಾಯಿತು, ಐದು ತಿಂಗಳಲ್ಲಿ 11 ಕಿಲೋ ಇಳಿದೆ, ಕುಳಿತಲ್ಲಿಂದ ಎದ್ದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಎಲ್ಲರೂ ಟೆನ್ಷನ್ ಎಂದರು, ನಾನೂ ಹಾಗೆಯೇ ನಂಬಿದೆ. ಉಪ್ಪಿನ ಮೇಲೆ ವಿಚಿತ್ರವಾದ ಆಸೆ ಹುಟ್ಟಿತ್ತು. ಚುರುಮುರಿಯ ಪೊಟ್ಟಣ ಮುಗಿದ ಮೇಲೆ ಕಾಗದದ ಮಡಿಕೆಯಲ್ಲಿ ಉಳಿದ ಉಪ್ಪನ್ನು ಬೆರಳಿನಿಂದ ಒರೆಸಿ ನೆಕ್ಕುತ್ತಿದ್ದೆ. ಒಂದು ದಿನ ಊಟಕ್ಕೆ ಕುಳಿತಾಗ ನನ್ನ ಅಕ್ಕ ನನ್ನ ಅಂಗೈ ಹಿಡಿದು, “ಕೈ ತೊಳಕೊಂಡಿಲ್ಲೇನೋ? ಗೆರಿ ಎಲ್ಲಾ ಯಾಕ ಇಷ್ಟ ಕಪ್ಪಾಗ್ಯಾವ?” ಎಂದಳು. ಮೆಣಸಿನಕಾಯಿಯ ಕೆಂಪು ನಮ್ಮ ಕೈಗೆ ಹತ್ತುವುದು ಸಾಮಾನ್ಯ, ಸಾಬೂನು ಹಚ್ಚಿ ಎರಡು ದಿನ ತೊಳೆದರೆ ಹೋಗುತ್ತದೆ. ಆದರೆ ಅಂಗೈ ರೇಖೆಗಳ ಆ ಕಪ್ಪು ಹೋಗಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ವಸಡಿನ ಮೇಲೂ ನೇರಳೆ ಹಣ್ಣು ತಿಂದವರಂತೆ ಕಪ್ಪು ಮಚ್ಚೆಗಳಿದ್ದವು.

ಹುಬ್ಬಳ್ಳಿಯ ವೈದ್ಯರೊಬ್ಬರು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ನೋಡಿದರು. ಮೇಲಿನ ಅಂಕಿ 100ರಿಂದ 76ಕ್ಕೆ ಇಳಿಯಿತು. ಸೋಡಿಯಂ ಬಹಳ ಇಳಿದು 122 ಇತ್ತು, ಬೆಳಿಗ್ಗೆ ಎಂಟರ ಕಾರ್ಟಿಸಾಲ್ ಎರಡು ಮೈಕ್ರೋಗ್ರಾಂ ಕೂಡ ಇರಲಿಲ್ಲ. ಇದು ಆಡಿಸನ್ ರೋಗ. 1855ರಲ್ಲಿ ಲಂಡನ್ನಿನ ಥಾಮಸ್ ಆಡಿಸನ್ ಇದನ್ನು ಮೊದಲು ವಿವರಿಸಿದಾಗ ಕ್ಷಯವೇ ಇದರ ದೊಡ್ಡ ಕಾರಣವಾಗಿತ್ತಂತೆ. ಪಶ್ಚಿಮದ ದೇಶಗಳಲ್ಲಿ ಈಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಮುಖ್ಯ ಕಾರಣವಾದರೂ ನಮ್ಮಲ್ಲಿ ಕ್ಷಯ ಇನ್ನೂ ಒಂದು ಮುಖ್ಯ ಕಾರಣವಾಗಿಯೇ ಉಳಿದಿದೆ. ನನ್ನದೂ ಕ್ಷಯವೇ. ಕೆಮ್ಮು ಒಂದು ದಿನವೂ ಇರಲಿಲ್ಲ. ಕ್ಷಯದ ಚಿಕಿತ್ಸೆ ಮುಗಿಯಿತು, ಆದರೆ ಹಾಳಾದ ಗ್ರಂಥಿ ಮರಳಲಿಲ್ಲ. ಗ್ರಂಥಿ ಕೊಡಬೇಕಾದ ಹಾರ್ಮೋನುಗಳ ಬದಲಿಗೆ ಇಂದಿಗೂ ದಿನಾಲೂ ಹೈಡ್ರೋಕಾರ್ಟಿಸೋನ್ ಮತ್ತು ಫ್ಲುಡ್ರೋಕಾರ್ಟಿಸೋನ್ ಗುಳಿಗೆ ನುಂಗುತ್ತೇನೆ. ಜ್ವರ ಬಂದರೆ ವೈದ್ಯರು ಬರೆದುಕೊಟ್ಟಂತೆ ಮೊದಲನೆಯದನ್ನು ದುಪ್ಪಟ್ಟು ಮಾಡುತ್ತೇನೆ, ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಕೂಡಲೇ ಇಂಜೆಕ್ಷನ್ ಬೇಕು. ನನ್ನ ಕಿಸೆಯಲ್ಲಿ ಈ ವಿಷಯ ಬರೆದ ಚೀಟಿ ಯಾವಾಗಲೂ ಇರುತ್ತದೆ.

ಅಕ್ಕಾವ್ರೇ, ನಿಮ್ಮನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ನೀವು ಹೇಳಿದ ಲಕ್ಷಣಗಳಲ್ಲಿ ತೂಕ ಇಳಿದದ್ದಾಗಲಿ, ಮೈ ಕಪ್ಪಾದದ್ದಾಗಲಿ, ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುವುದಾಗಲಿ ಇಲ್ಲ. ಆದರೂ ಒಮ್ಮೆ ಬೆಳಕಿನಲ್ಲಿ ಅಂಗೈ ರೇಖೆ ನೋಡಿಕೊಳ್ಳಿ, ಬೆಳಿಗ್ಗೆ ಎಂಟರ ರಕ್ತದ ಕಾರ್ಟಿಸಾಲ್ ಬೇಕೇ ಎಂದು ವೈದ್ಯರನ್ನು ಕೇಳಿ. ಅದು ಮೂರಕ್ಕಿಂತ ಕಡಿಮೆಯಿದ್ದರೆ ಗ್ರಂಥಿಯ ಕೊರತೆಯ ಅನುಮಾನ ಬಲವಾಗುತ್ತದೆ, ಹದಿನೈದು ದಾಟಿದ್ದರೆ ಹೆಚ್ಚುಕಡಿಮೆ ನಿಶ್ಚಿಂತರಾಗಬಹುದು, ನಡುವೆ ಇದ್ದರೆ ಎಸಿಟಿಎಚ್ ಚುಚ್ಚಿ ಗ್ರಂಥಿ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ ಎಂದು ನನಗೆ ವಿವರಿಸಿದ್ದರು. ನನ್ನ ಒಂದು ವರ್ಷ ‘ಟೆನ್ಷನ್’ ಎಂಬ ಪದದಲ್ಲಿ ಕಳೆದುಹೋಯಿತು. ಆ ಪುಡಿಯ ಡಬ್ಬಿ ಆಗ ನನ್ನ ಕೈಗೆ ಸಿಕ್ಕಿದ್ದರೆ ಇನ್ನೂ ಒಂದು ವರ್ಷ ಹೋಗುತ್ತಿತ್ತು, ಬಹುಶಃ ನಾನೂ ಉಳಿಯುತ್ತಿರಲಿಲ್ಲ.

ಉತ್ತರ 3: ಔಷಧಿ ಅಂಗಡಿಯವ, ಹಳೇ ಹುಬ್ಬಳ್ಳಿ

ನನ್ನದು ಎರಡೇ ಮಾತು. ಮೊದಲನೆಯದು ಆ ಡಬ್ಬಿಯ ಬಗ್ಗೆ. ಅಡ್ರಿನಲ್ ಗ್ರಂಥಿಗೆ ಬಲ ಕೊಡುತ್ತವೆಂದು ಅಮೆರಿಕದಲ್ಲಿ ಮಾರುವ 12 ಪೂರಕಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹನ್ನೆರಡರಲ್ಲಿಯೂ ಥೈರಾಯ್ಡ್ ಹಾರ್ಮೋನು ಇದ್ದದ್ದು, ಹೆಚ್ಚಿನವುಗಳಲ್ಲಿ ಸ್ಟೆರಾಯ್ಡ್ ಹಾರ್ಮೋನು ಕೂಡ ಇದ್ದದ್ದು ಕಂಡುಬಂತು. ಡಬ್ಬಿಗೆ ಅಂಟಿಸಿದ ಚೀಟಿಯ ಮೇಲೆ ಅದನ್ನು ಬರೆದಿರಲಿಲ್ಲ. ನಿಮ್ಮ ಡಬ್ಬಿಯಲ್ಲಿ ಏನಿದೆ ಎಂದು ನಾನು ಹೇಳಲಾರೆ, ಆದರೆ ಒಡೆಯದೆ ಇಟ್ಟದ್ದು ಒಳ್ಳೆಯದಾಯಿತು.

ಎರಡನೆಯದು ನಿಮ್ಮ ಅತ್ತೆಯವರ ಬಗ್ಗೆ. ಮೊಣಕಾಲು ನೋವಿಗೆ ಅವರು ಏನು ತೆಗೆದುಕೊಳ್ಳುತ್ತಿದ್ದಾರೆ? ದಯವಿಟ್ಟು ಇಂದೇ ನೋಡಿ. ಮೊಣಕಾಲು ನೋವು, ದಮ್ಮು, ಮೈತುರಿಕೆ ಎಂದು ವರ್ಷಗಟ್ಟಲೆ ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಗುಳಿಗೆಗಳನ್ನು ವೈದ್ಯರ ಹಳೆಯ ಚೀಟಿಯ ಮೇಲೆ ನುಂಗುವವರನ್ನು, ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ ತಿನ್ನುವವರನ್ನು ನಾನು ಪ್ರತಿ ವಾರ ನೋಡುತ್ತೇನೆ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದರೆ ಮಿದುಳು ಎಸಿಟಿಎಚ್ ಕಳಿಸುವುದನ್ನು ನಿಲ್ಲಿಸುತ್ತದೆ, ಕೇಳುವವರಿಲ್ಲದೆ ಅಡ್ರಿನಲ್ ಗ್ರಂಥಿ ನಿಜವಾಗಿಯೇ ಸೊರಗುತ್ತದೆ. ಮೂರು ನಾಲ್ಕು ವಾರಗಳ ಬಳಕೆಯೇ ಇದಕ್ಕೆ ಸಾಕಾಗಬಹುದು. ಆಮೇಲೆ ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಅಂಥದ್ದೇನಾದರೂ ಸಿಕ್ಕರೆ ಹೆದರಿ ಕಸಕ್ಕೆ ಎಸೆಯಬೇಡಿ. ಅವರನ್ನು ಮತ್ತು ಆ ಗುಳಿಗೆಯನ್ನು ಒಟ್ಟಿಗೇ ವೈದ್ಯರ ಬಳಿ ಕರೆದೊಯ್ಯಿರಿ.

ಮೂರು ವಾರಗಳ ನಂತರ: ಬೆಟಗೇರಿ ಓದುಗಿ, ಗದಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ವರದಿಗಳು ಬಂದಿವೆ. ನನ್ನ ಹಿಮೋಗ್ಲೋಬಿನ್ 8.4, ಫೆರಿಟಿನ್ 6, ಎರಡೂ ಬಹಳ ಕಡಿಮೆ. ಥೈರಾಯ್ಡ್, ಸಕ್ಕರೆ, ಸೋಡಿಯಂ ಎಲ್ಲ ಸರಿಯಾಗಿವೆ. ಬೆಳಿಗ್ಗೆ ಎಂಟರ ಕಾರ್ಟಿಸಾಲ್ 16.4 ಬಂದಿದೆ, ಬಾವಿ ಬತ್ತಿಲ್ಲ. ಒಂದೂವರೆ ವರ್ಷದಿಂದ ತಿಂಗಳ ಸ್ರಾವ ಬಹಳ ಹೆಚ್ಚಾಗಿದ್ದುದನ್ನು ಈ ವಯಸ್ಸಿನಲ್ಲಿ ಹೀಗೇ ಇರುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ವೈದ್ಯೆ ಸ್ಕ್ಯಾನಿಂಗ್ ಬರೆದಿದ್ದಾರೆ, ಕಬ್ಬಿಣದ ಗುಳಿಗೆ ಕೊಟ್ಟಿದ್ದಾರೆ, ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದು ಹೇಳಿದ್ದಾರೆ.

ಔಷಧಿ ಅಂಗಡಿಯ ಅಣ್ಣಾವ್ರ ಮಾತು ಓದಿದ ರಾತ್ರಿಯೇ ಅತ್ತೆಯವರ ಟ್ರಂಕು ತೆರೆದೆ. ಸೀರೆಗಳ ಕೆಳಗೆ ಸ್ಟೀಲಿನ ಡಬ್ಬಿಯೊಂದರಲ್ಲಿ ಕಾಗದದಲ್ಲಿ ಸುತ್ತಿದ ಪುಡಿಯ ಪೊಟ್ಟಣಗಳು ನಲವತ್ತರಷ್ಟಿದ್ದವು. ಮೇಲೆ ಯಾವ ಹೆಸರೂ ಇಲ್ಲ. ಎರಡು ವರ್ಷದಿಂದ ದಿನಕ್ಕೊಂದು ತಿನ್ನುತ್ತಿದ್ದಾರಂತೆ. ಅವರ ಮುಖ ದುಂಡಗಾದದ್ದನ್ನು ನಾವೆಲ್ಲ ಮೈ ತುಂಬಿಕೊಂಡಿದ್ದಾರೆ ಎಂದು ಸಂತೋಷಪಟ್ಟಿದ್ದೆವು. ತೋಳಿನ ಮೇಲಿನ ಹಸಿರುಗಟ್ಟಿದ ಕಲೆಗಳನ್ನು ಬಾಗಿಲಿಗೆ ತಾಗಿದ್ದು ಎಂದುಕೊಂಡಿದ್ದೆವು. ಎರಡೂ ಸ್ಟೆರಾಯ್ಡಿನ ಲಕ್ಷಣಗಳಂತೆ. ಅವರ ಬೆಳಿಗ್ಗೆಯ ಕಾರ್ಟಿಸಾಲ್ 2.1. ವೈದ್ಯರು ಪುಡಿಯ ಬದಲು ಅಳತೆ ಗೊತ್ತಿರುವ ಗುಳಿಗೆ ಕೊಟ್ಟು, ತಿಂಗಳುಗಳ ಕಾಲ ನಿಧಾನವಾಗಿ ಇಳಿಸಬೇಕು, ಗ್ರಂಥಿ ಏಳಲು ವರ್ಷ ಹಿಡಿಯಬಹುದು ಎಂದಿದ್ದಾರೆ.

ಮೈದುನ ಮುಂಡರಗಿಯಿಂದ ಬಂದು ವಾರಕ್ಕೆ ಎರಡು ರಾತ್ರಿ ಮಾವನವರ ಬಳಿ ಮಲಗಲು ಒಪ್ಪಿದ್ದಾರೆ. ಕೇಳಿದಾಗ, “ವೈನಿ, ಇಷ್ಟ ದಿನಾ ಯಾಕ ಹೇಳಲಿಲ್ಲ?” ಎಂದರು, ನನಗೆ ಉತ್ತರ ತಿಳಿಯಲಿಲ್ಲ. ಮೊದಲ ರಾತ್ರಿ ರೂಢಿಯಂತೆ ಎರಡು ಗಂಟೆಗೆ ಎಚ್ಚರವಾಗಿ ಮಾವನವರ ಕೋಣೆಯ ಬಾಗಿಲವರೆಗೆ ಹೋಗಿ, ಅಲ್ಲಿ ದೀಪ ಉರಿಯುತ್ತಿದ್ದುದನ್ನು ಕಂಡು ಮರಳಿ ಬಂದು ಮಲಗಿದೆ. ಆಮೇಲೆ ಎದ್ದದ್ದು ಆರಕ್ಕೆ.

ಒಂದು ಸಂದೇಹ ಉಳಿದಿದೆ. ಕಬ್ಬಿಣದ ಗುಳಿಗೆ ಶುರು ಮಾಡಿದಾಗಿನಿಂದ ಮಲ ಕಪ್ಪಾಗಿದೆ. ಹೆದರಬೇಕೇ?

ಉತ್ತರ: ಔಷಧಿ ಅಂಗಡಿಯವ, ಹಳೇ ಹುಬ್ಬಳ್ಳಿ

ಕಬ್ಬಿಣದಿಂದ ಹಾಗಾಗುವುದು ಸಹಜ, ಗುಳಿಗೆ ಬಿಡಬೇಡಿ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಅಥವಾ ಹೊಟ್ಟೆ ನೋವಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಹಿಮೋಗ್ಲೋಬಿನ್ ಏರಿದ ಮೇಲೂ ಫೆರಿಟಿನ್ ತುಂಬಲು ಸಾಮಾನ್ಯವಾಗಿ ಮೂರು ತಿಂಗಳು ಮುಂದುವರಿಸುತ್ತಾರೆ; ನಿಲ್ಲಿಸುವ ಮುನ್ನ ವೈದ್ಯೆಯನ್ನು ಕೇಳಿ. ಅತ್ತೆಯವರ ಗುಳಿಗೆ ಇಳಿಸುವ ತಾರೀಖುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಮೇಲೆ ಅಂಟಿಸಿ. ಈ ನಡುವೆ ಅವರಿಗೆ ಜ್ವರ ಅಥವಾ ವಾಂತಿ ಬಂದರೆ ಅಳತೆಯನ್ನು ಎಷ್ಟಕ್ಕೆ ಏರಿಸಬೇಕೆಂದು ಈಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ.